ಬೆತ್ತ ಬಿಟ್ಟ ನಾಡಿನ ಲೆಕ್ಕ

1979ರಲ್ಲಿ ಸ್ವೀಡನ್ನಿನ ಮನೆಮನೆಗೆ ಬರುತ್ತಿದ್ದ ಹಾಲಿನ ಪೊಟ್ಟಣಗಳ ಮೇಲೆ ಎರಡು ತಿಂಗಳ ಕಾಲ ಸರ್ಕಾರದ ತಿಳಿವಳಿಕೆಯೊಂದು ಅಚ್ಚಾಗಿತ್ತು: ಮಕ್ಕಳ ಮೇಲೆ ಕೈ ಮಾಡುವುದನ್ನು ಕಾನೂನು ಇನ್ನು ಒಪ್ಪುವುದಿಲ್ಲ. ಹಾಲು ಕುಡಿಯುವ ಮಗುವೂ ಓದಲಿ, ಎದುರಿಗೆ ಕೂತ ಅಪ್ಪ ಅಮ್ಮನೂ ಓದಲಿ ಎಂಬುದು ಅದರ ಹಿಂದಿನ ಉಪಾಯ. ಆ ವರ್ಷದ ಜುಲೈ 1ರಂದು ಸ್ವೀಡನ್, ಶಾಲೆಯಲ್ಲಷ್ಟೇ ಅಲ್ಲದೆ ಮನೆಯೊಳಗೂ ಮಕ್ಕಳನ್ನು ದಂಡಿಸುವುದನ್ನು ನಿಷೇಧಿಸಿದ ಜಗತ್ತಿನ ಮೊದಲ ದೇಶವಾಯಿತು. ಸಂಸತ್ತಿನಲ್ಲಿ ಪರವಾಗಿ ಬಿದ್ದ ಮತ 259, ವಿರುದ್ಧ ಬರೀ 6.

ಏಟಿನ ಹೆದರಿಕೆಯೇ ಇಲ್ಲದೆ ಬೆಳೆದ ಮಕ್ಕಳು ನಾಳೆ ಪುಂಡರಾಗುವುದಿಲ್ಲವೇ ಎಂಬ ಪ್ರಶ್ನೆ ಅಂದಿನಿಂದ ಇಂದಿನವರೆಗೂ ಆ ಕಾನೂನಿನ ಬೆನ್ನು ಬಿಟ್ಟಿಲ್ಲ. ಸ್ಟಾಕ್‌ಹೋಮಿನ ಹೊರವಲಯದಲ್ಲಿ ಹದಿಹರೆಯದವರು ಗುಂಡು ಹಾರಿಸುವ ಸುದ್ದಿ ಬರತೊಡಗಿದ ಮೇಲಂತೂ ‘ನೋಡಿ, ನಾವು ಹೇಳಿರಲಿಲ್ಲವೇ’ ಎನ್ನುವವರಿಗೆ ಬಲ ಬಂದಿದೆ. ಆದರೆ ಸ್ವೀಡನ್ನಿನ ಕಥೆಯನ್ನು ಮೊದಲಿನಿಂದ ಹಿಂಬಾಲಿಸಿದರೆ ಅದು ಅಷ್ಟು ಸರಳವಾಗಿಲ್ಲ.

ಒಂದೇ ದಿನದ ಕಾನೂನಲ್ಲ

ಬೆತ್ತಕ್ಕೆ ಅಲ್ಲಿಯೂ ಹಳೆಯ ಗೌರವವಿತ್ತು. ಆಳುಗಳನ್ನು ಹೊಡೆಯುವ ಹಕ್ಕು ಒಡೆಯನಿಗೆ ಪೂರ್ತಿ ತಪ್ಪಿದ್ದೇ 1920ರಲ್ಲಿ. 1958ರಲ್ಲಿ ಪ್ರಾಥಮಿಕ ಶಾಲೆಗಳಿಂದ ಬೆತ್ತ ಹೊರಬಿತ್ತು. 1966ರಲ್ಲಿ ಪೋಷಕರ ಕಾಯ್ದೆಯಲ್ಲಿ ದಂಡಿಸುವ ಹಕ್ಕಿಗೆ ಆಸರೆಯಾಗಿದ್ದ ಮಾತನ್ನು ತೆಗೆದುಹಾಕಲಾಯಿತು. ಆದರೂ ಹೊಡೆಯಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ. ಈ ಸಂದಿನಲ್ಲೇ, ಮೂರು ವರ್ಷದ ಮಗಳಿಗೆ ಹೊಡೆದ ತಂದೆಯೊಬ್ಬ ಎಪ್ಪತ್ತರ ದಶಕದಲ್ಲಿ ನ್ಯಾಯಾಲಯದಿಂದ ಖುಲಾಸೆಯಾದ. ಆ ಪ್ರಕರಣ ಎಬ್ಬಿಸಿದ ಕೋಲಾಹಲದ ನಂತರ, 1977ರಲ್ಲಿ, ಮಕ್ಕಳ ಹಕ್ಕುಗಳ ಸಮಿತಿ ರಚನೆಯಾಯಿತು.

ಅದೇ ಹೊತ್ತಿಗೆ ಮಕ್ಕಳ ಲೇಖಕಿ ಆಸ್ಟ್ರಿಡ್ ಲಿಂಡ್‌ಗ್ರೆನ್ ಅವರಿಗೆ ಜರ್ಮನಿಯ ಪುಸ್ತಕ ವ್ಯಾಪಾರಿಗಳ ಶಾಂತಿ ಪ್ರಶಸ್ತಿ ಬಂತು. 1978ರ ಅಕ್ಟೋಬರಿನಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಮಾಡಬೇಕಿದ್ದ ಭಾಷಣವನ್ನು ಮೊದಲೇ ಓದಿದ ಸಂಘಟಕರು, ಸುಮ್ಮನೆ ಪ್ರಶಸ್ತಿ ಸ್ವೀಕರಿಸಿ ಹೋಗಿ ಎಂದರಂತೆ. ಭಾಷಣ ಇಲ್ಲದಿದ್ದರೆ ನಾನೂ ಬರುವುದಿಲ್ಲ ಎಂದು ಆಕೆ ಪಟ್ಟು ಹಿಡಿದರು. ಅಂದು ಹೇಳಿದ ಕಥೆ ಇಂದಿಗೂ ಓಡಾಡುತ್ತಿದೆ. ಮಗನಿಗೆ ಬಾರಿಸಲು ಬರಲು ಕಿತ್ತು ತಾ ಎಂದು ತಾಯಿ ಅವನನ್ನೇ ಕಳಿಸುತ್ತಾಳೆ. ಎಷ್ಟೋ ಹೊತ್ತಿನ ಮೇಲೆ ಹುಡುಗ ಅಳುತ್ತಾ ಬಂದು, ಬರಲು ಸಿಗಲಿಲ್ಲ, ಈ ಕಲ್ಲಿನಲ್ಲೇ ಹೊಡಿ ಎನ್ನುತ್ತಾನೆ. ಅಮ್ಮನಿಗೆ ತನ್ನನ್ನು ನೋಯಿಸುವುದಷ್ಟೇ ಬೇಕಿದ್ದರೆ ಕಲ್ಲಾದರೇನು ಎಂಬುದು ಮಗುವಿನ ತರ್ಕ.

ಸ್ವೀಡನ್ನಿನ ಕಾಯ್ದೆಯ ವಿಶೇಷವೆಂದರೆ ಅದರಲ್ಲಿ ಹೊಸ ಶಿಕ್ಷೆಯೇ ಇರಲಿಲ್ಲ. ಗಂಭೀರವಾಗಿ ಹೊಡೆದರೆ ಹಲ್ಲೆಯ ಕಾನೂನು ಮೊದಲೇ ಇತ್ತು. ತಂದೆ ತಾಯಿಯರನ್ನು ಜೈಲಿಗೆ ಹಾಕುವುದಕ್ಕಿಂತ ಊರಿನ ರೂಢಿ ಬದಲಿಸುವುದು ಮುಖ್ಯವಾಗಿತ್ತು. ಹೊಡೆಯದೆ ಮಕ್ಕಳನ್ನು ಬೆಳೆಸುವುದು ಹೇಗೆ ಎಂಬ ಕಿರುಹೊತ್ತಗೆ ಚಿಕ್ಕ ಮಕ್ಕಳಿದ್ದ ಮನೆಗಳಿಗೆಲ್ಲ ಹೋಯಿತು. ವಲಸೆ ಬಂದವರಿಗಾಗಿ ಬೇರೆ ಭಾಷೆಗಳಲ್ಲೂ ಬಂತು. ತಂದೆಗೂ ತಾಯಿಗೂ ಹಂಚಿಕೊಳ್ಳಲು ಸಂಬಳಸಹಿತ ರಜೆ 1974ರಿಂದಲೇ ಇತ್ತು. ಧರ್ಮದ ಹೆಸರಿನಲ್ಲಿ ದಂಡನೆಯ ಹಕ್ಕು ಕೇಳಿದ ಕೆಲವು ಪೋಷಕರು ಯುರೋಪಿನ ಮಾನವ ಹಕ್ಕುಗಳ ಆಯೋಗದ ಬಾಗಿಲು ತಟ್ಟಿದರು. 1982ರಲ್ಲಿ ಅವರ ಅರ್ಜಿ ಬಿದ್ದುಹೋಯಿತು. ಏಟು ಬೇಕು ಎನ್ನುವವರು 1965ರಲ್ಲಿ ಅರ್ಧಕ್ಕಿಂತ ಹೆಚ್ಚಿದ್ದರು, 1994ರ ಹೊತ್ತಿಗೆ ಶೇ 11ಕ್ಕೆ ಇಳಿದಿದ್ದರು. ಈ ಇಳಿಕೆ ಕಾಯ್ದೆ ಬರುವ ಮೊದಲೇ ಶುರುವಾಗಿತ್ತು.

ಏರಿದ್ದು ಹೊಡೆದಾಟವೋ, ದೂರೋ?

ತೊಂಬತ್ತರ ದಶಕದಲ್ಲಿ ಪೊಲೀಸ್ ದಾಖಲೆಗಳು ಬೇರೆ ರಾಗ ಹಾಡಿದವು. ಹದಿಹರೆಯದವರ ಹಲ್ಲೆ ಪ್ರಕರಣಗಳು ಏರಿದ್ದವು. ಅಮೆರಿಕದ ಮನಃಶಾಸ್ತ್ರಜ್ಞ ರಾಬರ್ಟ್ ಲಾರ್ಜೆಲಿಯರ್ ಇದನ್ನೇ ಮುಂದಿಟ್ಟು, ನಿಷೇಧದಿಂದ ಹಿಂಸೆ ತಗ್ಗಿದ್ದಕ್ಕೆ ಪುರಾವೆ ಎಲ್ಲಿದೆ ಎಂದು ಕೇಳಿದರು. ಕೆನಡಾದ ಜೋನ್ ಡ್ಯುರಂಟ್ ಅದೇ ದೇಶದ ಅಂಕಿಗಳನ್ನು ಹರಡಿಕೊಂಡು, 2000ದಲ್ಲಿ ಬೇರೆಯೇ ಚಿತ್ರ ಕೊಟ್ಟರು: ಕಳ್ಳತನದಂಥ ಅಪರಾಧಗಳಲ್ಲಿ ಯುವಜನರ ಪಾಲು ಇಳಿದಿದೆ, ದಾಖಲಾಗುವ ಹಲ್ಲೆ ಮಾತ್ರ ಏರಿದೆ.

ಗಂಟು ಬಿಡಿಸಲು ನೆರವಾದವರು ಸ್ವೀಡನ್ನಿನವರೇ ಆದ ಅಪರಾಧಶಾಸ್ತ್ರಜ್ಞ ಫೆಲಿಪೆ ಎಸ್ಟ್ರಾಡಾ. ಪೊಲೀಸ್ ಕಡತಗಳ ಪಕ್ಕಕ್ಕೆ ಅವರು ಆಸ್ಪತ್ರೆಯ ದಾಖಲೆಗಳನ್ನೂ ವಿದ್ಯಾರ್ಥಿಗಳೇ ಹೇಳಿಕೊಂಡ ಸಮೀಕ್ಷೆಗಳನ್ನೂ ಇಟ್ಟು ನೋಡಿದರು. ಪೊಲೀಸ್ ಕಡತದಲ್ಲಿದ್ದ ಏರಿಕೆ ಉಳಿದವುಗಳಲ್ಲಿ ಆ ಪ್ರಮಾಣದಲ್ಲಿ ಇರಲಿಲ್ಲ. ಹಿಂದೆ ಹೆಡ್‌ಮಾಸ್ಟರು ಕರೆದು ಗದರಿ ಕಳಿಸುತ್ತಿದ್ದ ಜಗಳ ಈಗ ಠಾಣೆಯ ಮೆಟ್ಟಿಲೇರುತ್ತಿತ್ತು.

ಏಟನ್ನು ಸಹಜವೆಂದುಕೊಂಡ ಊರಿನಲ್ಲಿ ಹುಡುಗರ ಗುದ್ದಾಟ ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಏಟು ತಪ್ಪು ಎಂದು ಕಲಿತ ಊರು ಪ್ರತಿಯೊಂದನ್ನೂ ಎಣಿಸತೊಡಗುತ್ತದೆ. ಮಕ್ಕಳು ಕೆಟ್ಟರು ಎಂಬ ಗಾಬರಿಯ ಒಂದು ಪಾಲು, ಸಮಾಜದ ಕಿವಿ ಚುರುಕಾದದ್ದರ ಫಲ.

ಬಂದೂಕಿನ ಕಾಲ

ಈಚಿನ ಗುಂಡಿನ ದಾಳಿಗಳನ್ನು ಹೀಗೆ ಎಣಿಕೆಯ ಮಾಯೆ ಎಂದು ತಳ್ಳಿಹಾಕಲಾಗದು. 2022ರಲ್ಲಿ ಸ್ವೀಡನ್ನಿನಲ್ಲಿ ಗುಂಡೇಟಿಗೆ 62 ಮಂದಿ ಸತ್ತರು. ಹದಿನೈದು ತುಂಬದವರಿಗೆ ಶಿಕ್ಷೆ ಇಲ್ಲವೆಂಬುದನ್ನು ತಿಳಿದ ಗ್ಯಾಂಗುಗಳು ಚಿಕ್ಕ ಹುಡುಗರನ್ನೇ ಮೊಬೈಲಿನಲ್ಲಿ ಸುಪಾರಿಗೆ ಸೆಳೆಯುತ್ತಿವೆ. ಆದರೆ ಈ ಏರಿಕೆ ಶುರುವಾದದ್ದು 2000ದ ದಶಕದ ಮಧ್ಯದಲ್ಲಿ, ಕಾಯ್ದೆ ಬಂದು ಕಾಲು ಶತಮಾನವಾದ ಮೇಲೆ. ಕಾಯ್ದೆ ಇಡೀ ದೇಶಕ್ಕೆ ಒಂದೇ. ಗುಂಡಿನ ಸದ್ದು ಹೆಚ್ಚಾಗಿ ಕೇಳುವುದು ಮಾದಕವಸ್ತು ದಂಧೆ ಬೇರೂರಿದ, ಕೆಲಸವಿಲ್ಲದ ಕೆಲವು ಬಡಾವಣೆಗಳಲ್ಲಿ. ಫಿನ್ಲೆಂಡ್ 1983ರಲ್ಲಿ, ನಾರ್ವೆ 1987ರಲ್ಲಿ ಇದೇ ನಿಷೇಧ ತಂದವು. ಅಲ್ಲಿ ಇಂಥ ಏರಿಕೆಯಾಗಲಿಲ್ಲ. ಬೆತ್ತ ಮರಳಿ ಬರಲಿ ಎನ್ನುವವರು ಫಿನ್ಲೆಂಡಿಗೆ ಉತ್ತರ ಹೇಳಬೇಕು. ಬೆತ್ತ ಹೋದರೆ ಎಲ್ಲವೂ ಸರಿಹೋಗುತ್ತದೆ ಎನ್ನುವವರು ಸ್ಟಾಕ್‌ಹೋಮಿನ ಹೊರವಲಯಕ್ಕೆ.

2018ರಲ್ಲಿ ಪ್ರಕಟವಾದ 88 ದೇಶಗಳ ಅಧ್ಯಯನವೊಂದು ನಾಲ್ಕು ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಹೊಡೆದಾಟವನ್ನು ಹೋಲಿಸಿತು. ನಿಷೇಧವೇ ಇಲ್ಲದ ದೇಶಗಳಲ್ಲಿ ನೂರು ಹುಡುಗರು ಪದೇಪದೇ ಹೊಡೆದಾಡುವ ಕಡೆ, ಮನೆ–ಶಾಲೆ ಎರಡರಲ್ಲೂ ನಿಷೇಧವಿರುವ ದೇಶಗಳಲ್ಲಿ ಹೊಡೆದಾಡುವವರು 69; ಹುಡುಗಿಯರಲ್ಲಿ ಇದೇ ಲೆಕ್ಕ ನೂರಕ್ಕೆ 42. ಶಾಲೆಯಲ್ಲಿ ಮಾತ್ರ ನಿಷೇಧವಿರುವ ಕಡೆ ಹುಡುಗರಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಕಾಯ್ದೆಯೇ ಕಾರಣವೋ, ಮೊದಲೇ ಮೆತ್ತಗಿದ್ದ ಸಮಾಜಗಳು ಕಾಯ್ದೆ ತಂದವೋ ಎಂಬುದನ್ನು ಈ ಅಂಕಿಗಳು ಹೇಳುವುದಿಲ್ಲ. ನಿಷೇಧ ಹಿಂಸೆಯನ್ನು ಹೆಚ್ಚಿಸುತ್ತದೆ ಎಂಬ ವಾದಕ್ಕಂತೂ ಇಲ್ಲಿ ಆಧಾರವಿಲ್ಲ.

ನಮ್ಮ ಅರ್ಧ ದಾರಿ

ಭಾರತ ನಿಂತಿರುವುದು ಶಾಲೆಯಲ್ಲಿ ಮಾತ್ರ ನಿಷೇಧವಿರುವ ಆ ಮೂರನೆಯ ಗುಂಪಿನಲ್ಲಿ. ದೆಹಲಿ ಹೈಕೋರ್ಟ್ 2000ದ ಡಿಸೆಂಬರಿನಲ್ಲಿ ಅಲ್ಲಿನ ಶಾಲಾ ನಿಯಮಗಳಲ್ಲಿದ್ದ ದೈಹಿಕ ಶಿಕ್ಷೆಯನ್ನು ರದ್ದು ಮಾಡಿತು. 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಅದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಕೋದಂಡ, ಬಸ್ಕಿ, ಹುಣಸೆ ಬರಲುಗಳು ಕಾನೂನಿನ ಮಟ್ಟಿಗೆ ಮುಗಿದ ಕಥೆಯಾದವು. ಮನೆಗೆ ಮಾತ್ರ ಅಂಥ ಸ್ಪಷ್ಟ ನಿಷೇಧ ಬರಲಿಲ್ಲ. ಹನ್ನೆರಡರೊಳಗಿನ ಮಗುವಿನ ಒಳಿತಿಗೆಂದು ಪೋಷಕರು ಸದುದ್ದೇಶದಿಂದ ಮಾಡಿದ್ದಕ್ಕೆ 1860ರ ದಂಡ ಸಂಹಿತೆ ಕೊಟ್ಟಿದ್ದ ರಿಯಾಯಿತಿ ಭಾರತೀಯ ನ್ಯಾಯ ಸಂಹಿತೆಯಲ್ಲೂ ಉಳಿದಿದೆ. ‘ಚರ್ಮ ಸುಲಿದರೂ ಕೇಳಲ್ಲ, ಬುದ್ಧಿ ಕಲಿಸಿ ಮೇಷ್ಟ್ರೇ’ ಎನ್ನುತ್ತಿದ್ದ ಅಪ್ಪ ಈಗ ಶಾಲೆಯ ಮೇಲೆ ದೂರು ಕೊಡಬಲ್ಲ, ಮನೆಗೆ ಬಂದು ತಾನೇ ಬಾರಿಸಬಲ್ಲ.

ಮಕ್ಕಳಿಗೆ ಹೆದರಿಕೆಯೇ ಇಲ್ಲ ಎಂಬ ನಮ್ಮ ಶಿಕ್ಷಕರ ಅಳಲು ಸುಳ್ಳಲ್ಲ. ಸ್ವೀಡನ್ ಬೆತ್ತ ಕೆಳಗಿಡಿಸುವಾಗ ಕೈಗೆ ಕಿರುಹೊತ್ತಗೆ ಕೊಟ್ಟಿತ್ತು, ಅಪ್ಪ ಅಮ್ಮಂದಿರಿಗೆ ರಜೆ ಕೊಟ್ಟಿತ್ತು, ಅರವತ್ತು ವರ್ಷ ಹಂತಹಂತವಾಗಿ ನಡೆದಿತ್ತು. ನಾವು ತರಗತಿ ತುಂಬ ಮಕ್ಕಳಿರುವ ಮೇಷ್ಟರ ಕೈಗೆ ಬರೀ ಸುತ್ತೋಲೆ ಕೊಟ್ಟೆವು. ನಮ್ಮ ಶಾಲೆಗಳಿಂದ ಹಿಂಸೆಯ ದೂರುಗಳು ಮುಂದೆ ಹೆಚ್ಚಿದರೆ, ಬೆತ್ತ ಹೋದದ್ದೇ ಕಾರಣವೆಂದು ತೀರ್ಮಾನಿಸುವ ಮೊದಲು ಎರಡು ಪ್ರಶ್ನೆ ಕೇಳಬೇಕು. ಹೆಚ್ಚಿದ್ದು ಹಿಂಸೆಯೋ, ಅದನ್ನು ಹೇಳಿಕೊಳ್ಳುವ ಧೈರ್ಯವೋ? ಆ ಹುಡುಗನಿಗೆ ಏಟು ನಿಂತದ್ದು ಶಾಲೆಯಲ್ಲಿ ಮಾತ್ರವೋ, ಮನೆಯಲ್ಲೂ ನಿಂತಿತ್ತೋ?