ಶ್ವಾಸಕೋಶದ ಒತ್ತಡಕ್ಕೆ ಉಸಿರಿನಲ್ಲೇ ಔಷಧಿ: ಸಹಿ ಹಾಕುವ ಮೊದಲು

ಪುಣೆ–ಸೊಲ್ಲಾಪುರ ಹೆದ್ದಾರಿಯಲ್ಲಿ, ದೌಂಡ್ ಜಂಕ್ಷನ್‌ಗೆ ಹತ್ತಿರ ಇರುವ ಕುರಕುಂಭಕ್ಕೆ ಔಷಧ ಮತ್ತು ರಾಸಾಯನಿಕ ಕಾರ್ಖಾನೆಗಳ ಕೈಗಾರಿಕಾ ಪ್ರದೇಶದಿಂದಲೇ (ಎಂಐಡಿಸಿ) ಹೆಸರು. ಅಕ್ಕಲಕೋಟೆ, ಇಂಡಿ, ಅಫಜಲಪುರದ ಕಡೆಯಿಂದ ದುಡಿಮೆಗೆಂದು ಈ ದಾರಿ ಹಿಡಿದವರಿಗೆ ದೊಡ್ಡಾಸ್ಪತ್ರೆ ಎಂದರೆ ಪುಣೆಯೇ. ದಮ್ಮು ಹತ್ತಿದ ಹಿರಿಯರನ್ನು ಅಲ್ಲಿಗೆ ಕರೆದೊಯ್ದಾಗ ಹೃದಯದ ಸ್ಕ್ಯಾನ್ ಆದ ಎಕೋ ಮಾಡಿ, ಚೀಟಿಯಲ್ಲಿ ‘ಪಲ್ಮನರಿ ಹೈಪರ್‌ಟೆನ್ಶನ್’ ಎಂದು ಬರೆಯುತ್ತಾರೆ. ‘ಒಂದು ಟ್ರಯಲ್ ಇದೆ, ಸೇರುತ್ತೀರಾ?’ ಎಂಬ ಪ್ರಶ್ನೆಯೂ ಬರಬಹುದು. ಹೂಂ ಅನ್ನುವುದಕ್ಕೂ ಒಲ್ಲೆ ಅನ್ನುವುದಕ್ಕೂ ಮೊದಲು ಕೆಲವು ತಪ್ಪು ತಿಳಿವಳಿಕೆ ಬಿಡಬೇಕು.

“ಬಿಪಿ ಅಂದ್ರ ಬಿಪಿ. ಗುಳಿಗಿ ತೊಗೊಂಡ್ರ ಇಳೀತದ.”

ಇದು ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿ ಅಲ್ಲ. ಹೃದಯದ ಬಲಭಾಗದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ನಾಳದೊಳಗಿನ ಒತ್ತಡ. ಅದರ ಸರಾಸರಿ ಪಾದರಸದ 20 ಮಿಲಿಮೀಟರ್ ದಾಟಿದರೆ ಕಾಯಿಲೆ. ಶ್ವಾಸಕೋಶ ಗಾಯಗೊಂಡು ಗಟ್ಟಿಯಾದಾಗ, ಆಮ್ಲಜನಕ ಕಡಿಮೆಯಾದಾಗ ಅಲ್ಲಿನ ಸಣ್ಣ ನಾಳಗಳು ಬಿಗಿಯುತ್ತವೆ. ಅವುಗಳೊಳಗೆ ರಕ್ತ ನೂಕಿ ನೂಕಿ ಬಲಹೃದಯ ದಣಿಯುತ್ತದೆ, ಕಾಲು ಬಾತುಕೊಳ್ಳುತ್ತದೆ. ಎಕೋ ಕೊಡುವುದು ಅಂದಾಜು ಮಾತ್ರ. ಖಚಿತವಾಗಬೇಕಾದರೆ ಕುತ್ತಿಗೆ ಅಥವಾ ತೊಡೆಸಂದಿನ ರಕ್ತನಾಳದಿಂದ ಸಣ್ಣ ನಳಿಕೆಯನ್ನು ಹೃದಯದೊಳಕ್ಕೆ ಇಳಿಸಿ ಅಳೆಯಬೇಕು.

“ಪಂಪ್ ಅಂದ್ರ ಎಲ್ಲಾ ಒಂದೇ.”

ಉಬ್ಬಸದ ಪಂಪ್ ಗಾಳಿಯ ಕೊಳವೆಗಳನ್ನು ಸಡಿಲಿಸುತ್ತದೆ. ಶ್ವಾಸಕೋಶದ ಒತ್ತಡಕ್ಕೆ ಉಸಿರಿನಲ್ಲಿ ಎಳೆದುಕೊಳ್ಳುವ ಟ್ರೆಪ್ರೋಸ್ಟಿನಿಲ್ ಎಂಬ ಔಷಧಿ ಸಡಿಲಿಸುವುದು ರಕ್ತನಾಳಗಳನ್ನು. ಒಂದರ ಬದಲಿಗೆ ಇನ್ನೊಂದು ನಡೆಯುವುದಿಲ್ಲ. ಟ್ರೆಪ್ರೋಸ್ಟಿನಿಲ್ ಅನ್ನು ದಿನಕ್ಕೆ ನಾಲ್ಕು ಸಲ ಯಂತ್ರದ ಮೂಲಕ ಎಣಿಸಿ ಎಳೆದುಕೊಳ್ಳಬೇಕು. ಕೆಲವೇ ಎಳೆತಗಳಿಂದ ಆರಂಭಿಸಿ, ತಡೆದುಕೊಳ್ಳುವ ಶಕ್ತಿ ನೋಡಿ, ಸಲಕ್ಕೆ 12 ಎಳೆತದವರೆಗೆ ಏರಿಸುತ್ತಾರೆ. ಕೆಮ್ಮು, ತಲೆನೋವು, ಗಂಟಲ ಕೆರೆತ, ವಾಕರಿಕೆ ಬಹಳ ಜನರಿಗೆ ಆಗುತ್ತದೆ. ತ್ರಾಸವಾಯಿತೆಂದು ತಾವಾಗಿಯೇ ಒಮ್ಮೆಲೇ ನಿಲ್ಲಿಸಬಾರದು. ಒತ್ತಡ ಮತ್ತೆ ಏರೀತು.

ಗುಳಿಗೆ ಬಿಟ್ಟು ಉಸಿರಿನ ದಾರಿ ಏಕೆ? ನುಂಗಿದ ಔಷಧಿ ರಕ್ತದಲ್ಲಿ ಬೆರೆತು, ಗಾಳಿಯೇ ಆಡದ ಶ್ವಾಸಕೋಶದ ಭಾಗದಲ್ಲೂ ನಾಳ ತೆರೆಯುತ್ತದೆ. ಬಿತ್ತದ ಹೊಲಕ್ಕೆ ಕಾಲುವೆ ತಿರುಗಿಸಿದ ಹಾಗೆ ರಕ್ತ ಅತ್ತ ಹರಿದು, ಆಮ್ಲಜನಕ ಹೊರದೆ ಮರಳುತ್ತದೆ. ಎಳೆದುಕೊಂಡ ಔಷಧಿ ಮುಖ್ಯವಾಗಿ ಗಾಳಿ ಹೋಗುವ ಕಡೆಗೇ ಹೋಗುತ್ತದೆ.

“ಸಿಒಪಿಡಿ ಇರಲಿ, ಫೈಬ್ರೋಸಿಸ್ ಇರಲಿ, ಒತ್ತಡಕ್ಕ ಔಷಧಿ ಒಂದೇ.”

ಎಲ್ಲಕ್ಕಿಂತ ಅಪಾಯದ ಕಲ್ಪನೆ ಇದು. ಇದನ್ನು ಸುಳ್ಳು ಮಾಡಿದ್ದೇ ಟ್ರಯಲ್‌ಗಳು.

ಶ್ವಾಸಕೋಶದ ಅಂಗಾಂಶ ಗಟ್ಟಿಯಾಗುವ (ಫೈಬ್ರೋಸಿಸ್) ಐಎಲ್‌ಡಿ ಕಾಯಿಲೆಯ ಜೊತೆಗೆ ಈ ಒತ್ತಡವೂ ಇದ್ದ 326 ಜನರ ಮೇಲೆ ಅಮೆರಿಕದಲ್ಲಿ ‘ಇನ್‌ಕ್ರೀಸ್’ ಎಂಬ ಪ್ರಯೋಗ ನಡೆಯಿತು. ಅರ್ಧ ಜನಕ್ಕೆ ಟ್ರೆಪ್ರೋಸ್ಟಿನಿಲ್, ಅರ್ಧಕ್ಕೆ ಔಷಧಿಯಿಲ್ಲದ ದ್ರಾವಣ. 16 ವಾರಗಳಲ್ಲಿ ಕಾಯಿಲೆ ಉಲ್ಬಣಿಸಿದವರು ಔಷಧಿ ಪಡೆದವರಲ್ಲಿ ನೂರಕ್ಕೆ ಸುಮಾರು 23, ಪಡೆಯದವರಲ್ಲಿ 33. ಫಲಿತಾಂಶ 2021ರ ಜನವರಿಯಲ್ಲಿ ಪ್ರಕಟವಾಯಿತು. ಅದೇ ವರ್ಷ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ರೋಗಿಗಳಿಗೆ ಔಷಧಿಯನ್ನು ಒಪ್ಪಿತು.

ಇದೇ ಔಷಧಿಯನ್ನು ಗಾಳಿಯ ಕೊಳವೆಗಳು ಕಿರಿದಾಗುವ ಸಿಒಪಿಡಿ ಇದ್ದವರಿಗೆ ಕೊಟ್ಟು ನೋಡಿದ ‘ಪರ್ಫೆಕ್ಟ್’ ಪ್ರಯೋಗ ಮಾತ್ರ ಅರ್ಧಕ್ಕೇ ನಿಂತಿತು. ಗಂಭೀರ ತೊಂದರೆಗಳು ಹೆಚ್ಚಿದ್ದರಿಂದ ಸುರಕ್ಷತೆ ನೋಡುವ ಸ್ವತಂತ್ರ ಸಮಿತಿಯೇ ನಿಲ್ಲಿಸಲು ಹೇಳಿತು. ಗುಳಿಗೆಯ ಕಥೆಯೂ ಎಚ್ಚರಿಕೆಯದೇ. ರಿಯೊಸಿಗುವಾಟ್ ಎಂಬ ಮಾತ್ರೆಯನ್ನು ಕಾರಣ ತಿಳಿಯದ ಐಎಲ್‌ಡಿಯ 147 ರೋಗಿಗಳಲ್ಲಿ ಪರೀಕ್ಷಿಸಿದಾಗ ಔಷಧಿಯ ಗುಂಪಿನಲ್ಲಿ 8 ಸಾವು, ಇನ್ನೊಂದರಲ್ಲಿ 3. 2016ರಲ್ಲಿ ಆ ಪ್ರಯೋಗವನ್ನೂ ನಿಲ್ಲಿಸಿದರು. ನೈಟ್ರಿಕ್ ಆಕ್ಸೈಡ್ ಅನಿಲವನ್ನು ಉಸಿರಾಡಿಸಿದ ‘ರೀಬಿಲ್ಡ್’ ಪ್ರಯೋಗ 2023ರಲ್ಲಿ ಗುರಿ ಮುಟ್ಟಲಿಲ್ಲ. ಸೋತ ಪ್ರಯೋಗಗಳನ್ನು ನಾನು ವ್ಯರ್ಥವೆನ್ನಲಾರೆ. ಅವು ನಡೆಯದಿದ್ದರೆ ಈ ಔಷಧಿಗಳನ್ನು ಇಂದು ಎಷ್ಟೋ ಜನಕ್ಕೆ ಒಳ್ಳೆಯ ನಂಬಿಕೆಯಿಂದಲೇ ಬರೆದುಕೊಡುತ್ತಿದ್ದರು.

ನಮ್ಮ ಕಡೆಯವರು ಇನ್ನೊಂದು ಮಾತು ಕೇಳಬೇಕು. 2017ರಲ್ಲಿ ಪ್ರಕಟವಾದ ಭಾರತದ ಐಎಲ್‌ಡಿ ನೋಂದಣಿಯಲ್ಲಿ 19 ನಗರಗಳ 1,084 ರೋಗಿಗಳಿದ್ದರು. ಅವರಲ್ಲಿ ನೂರಕ್ಕೆ 47 ಜನರಿಗೆ ಇದ್ದದ್ದು ಹೈಪರ್‌ಸೆನ್ಸಿಟಿವಿಟಿ ನ್ಯೂಮೋನೈಟಿಸ್, ಅಂದರೆ ಬೂಷ್ಟು, ಹಕ್ಕಿಯ ಪುಕ್ಕ–ಹಿಕ್ಕೆಯ ಧೂಳಿನಂಥದ್ದಕ್ಕೆ ಶ್ವಾಸಕೋಶ ಕೆರಳಿ ಬರುವ ಕಾಯಿಲೆ. ಅಂಥವರಲ್ಲಿ ಸುಮಾರು ಅರ್ಧ ಜನ ಏರ್ ಕೂಲರಿನ ಗಾಳಿಯಲ್ಲಿ ಇದ್ದವರು. ಕುರಕುಂಭದಿಂದ ಕಲಬುರಗಿಯವರೆಗೆ ಬೇಸಿಗೆ ಬಂದರೆ ಕೂಲರ್ ತಿರುಗುವ ನಾಡು ನಮ್ಮದು. ಅದರ ಹುಲ್ಲಿನ ಪ್ಯಾಡು ವರ್ಷಗಟ್ಟಲೆ ಬದಲಾಗಿರುವುದಿಲ್ಲ. ಇನ್‌ಕ್ರೀಸ್‌ನಲ್ಲಿ ಈ ಬಗೆಯ ರೋಗಿಗಳು ಇದ್ದದ್ದು ಕೆಲವೇ ಜನ. ಆದ್ದರಿಂದ ಅಲ್ಲಿನ ಲಾಭ ಇಲ್ಲಿಯೂ ಅಷ್ಟೇ ಸಿಗುತ್ತದೆ ಎಂದು ಲೆಕ್ಕ ಹಾಕಬಾರದು. ಭಾರತದ ರೋಗಿಗಳು ಪ್ರಯೋಗಗಳಲ್ಲಿ ಇರಬೇಕು ಎಂದು ನಾನು ಹೇಳುವುದು ಇದಕ್ಕೇ. ಕಾಯಿಲೆಯ ಮೂಲ ತಿಳಿಯಲು ವೈದ್ಯರಿಗೆ ಕಾರ್ಖಾನೆಯ ಕೆಲಸವನ್ನಷ್ಟೇ ಅಲ್ಲ, ಮನೆಯ ಕೂಲರು, ಪಾರಿವಾಳ, ಸೌದೆ ಒಲೆ ಎಲ್ಲವನ್ನೂ ಹೇಳಿ.

“ಮೂವತ್ತೊಂದು ಮೀಟರ್ ಏನ್ ದೊಡ್ಡದು?”

ಆರು ನಿಮಿಷದ ನಡಿಗೆ ಪರೀಕ್ಷೆ ನೋಡಿದವರು ಹೀಗೆ ಕೇಳುವುದಿಲ್ಲ. ಆಸ್ಪತ್ರೆಯ 30 ಮೀಟರ್ ಓಣಿಯ ಎರಡು ತುದಿಗೆ ಎರಡು ಕೋನ್. ರೋಗಿ ಅವುಗಳ ನಡುವೆ ಹೋಗಿ ಬರುತ್ತಾರೆ. ನಿಂತು ಗೋಡೆಗೆ ಆತುಕೊಳ್ಳಬಹುದು, ಗಡಿಯಾರ ಮಾತ್ರ ನಿಲ್ಲುವುದಿಲ್ಲ. ಇನ್‌ಕ್ರೀಸ್‌ಗೆ ಸೇರಿದವರು ಆರಂಭದಲ್ಲಿ ನಡೆಯುತ್ತಿದ್ದದ್ದು ಸುಮಾರು 260 ಮೀಟರ್. 16 ವಾರದ ಕೊನೆಗೆ ಔಷಧಿ ಪಡೆದವರು ಸರಾಸರಿ 21 ಮೀಟರ್ ಹೆಚ್ಚು ನಡೆದರು, ಉಳಿದವರು 10 ಮೀಟರ್ ಕಡಿಮೆ. ಎರಡರ ನಡುವಿನ ಅಂತರವೇ ಆ ಮೂವತ್ತೊಂದು ಮೀಟರ್. ಮಂಚದಿಂದ ಬಚ್ಚಲಿಗೆ ಹೋಗಿ ಬರಲು ಏದುಸಿರು ಬಿಡುವವರಿಗೆ ಇದು ಸಣ್ಣದಲ್ಲ. ಹಾಗೆಂದು ಇದು ಗುಣವಾಗುವ ಔಷಧಿಯೂ ಅಲ್ಲ. ಆಯುಷ್ಯ ಹೆಚ್ಚುತ್ತದೆ ಎಂದು 16 ವಾರದ ಆ ಪ್ರಯೋಗ ಸಾಬೀತು ಮಾಡಲಿಲ್ಲ. ಆಕ್ಸಿಜನ್ ಬೇಕಾದವರಿಗೆ ಆಕ್ಸಿಜನ್ ಬೇಕೇ ಬೇಕು.

“ರೊಕ್ಕಾ ಕೊಟ್ಟು ನಮ್ಮ ಮ್ಯಾಲ ಪ್ರಯೋಗ ಮಾಡ್ತಾರ.”

ಆರೋಗ್ಯವಂತರಿಗೆ ಹಣ ಕೊಟ್ಟು ಮಾತ್ರೆ ನುಂಗಿಸಿ ರಕ್ತ ತೆಗೆಯುವ ಬಯೋಇಕ್ವಿವಲೆನ್ಸ್ ಅಧ್ಯಯನ ಬೇರೆ. ರೋಗಿಗಳ ಟ್ರಯಲ್ ಬೇರೆ. ಇನ್‌ಕ್ರೀಸ್‌ನಲ್ಲಿ ಔಷಧಿಯಿಲ್ಲದ ದ್ರಾವಣ ಪಡೆದವರಿಗೂ ಇತರ ಚಿಕಿತ್ಸೆ ನಡೆದೇ ಇತ್ತು, ಮುಂದಿನ ಹಂತದಲ್ಲಿ ನಿಜವಾದ ಔಷಧಿ ಪಡೆಯುವ ಅವಕಾಶವೂ ಇತ್ತು.

ಆದರೂ ಭಯ ಸುಮ್ಮನೆ ಹುಟ್ಟಿದ್ದಲ್ಲ. ಅದಕ್ಕೆ ಉತ್ತರ ಕಾನೂನಿನಲ್ಲಿದೆ. 2009ರ ಜೂನ್‌ನಿಂದ ಇಂಥ ಟ್ರಯಲ್ ರಾಷ್ಟ್ರೀಯ ನೋಂದಣಿ ಪುಸ್ತಕವಾದ ಸಿಟಿಆರ್‌ಐನಲ್ಲಿ ದಾಖಲಾಗಲೇಬೇಕು. ಅದನ್ನು ಯಾರು ಬೇಕಾದರೂ ನೋಡಬಹುದು. 2019ರ ನಿಯಮಗಳ ಪ್ರಕಾರ ನೈತಿಕ ಸಮಿತಿಯ ಒಪ್ಪಿಗೆ ಬೇಕು, ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಕೊಡಬೇಕು. ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಅದರಿಂದ ಮಾಮೂಲಿ ಚಿಕಿತ್ಸೆ ತಪ್ಪುವಂತಿಲ್ಲ.

ಒಪ್ಪಿಗೆ ಪತ್ರ ರೋಗಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು. ಮರಾಠಿ ಸಂತೆಯಲ್ಲಿ ನಡೆಸಿಕೊಳ್ಳುವಷ್ಟು ಬರುವುದು ಬೇರೆ, ಹತ್ತಾರು ಪುಟದ ವೈದ್ಯಕೀಯ ಪತ್ರ ತಿಳಿಯುವುದು ಬೇರೆ. ಕನ್ನಡದ ಪ್ರತಿ ಕೇಳಿ. ಓದು ಬರಹ ಬಾರದವರಿಗೆ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿ ಎದುರಿರಬೇಕು. ಸಹಿಯಾದ ಮೇಲೆ ಒಂದು ಪ್ರತಿ ಮನೆಗೆ ತರಬೇಕು. ಜಾತ್ರೆಗೋ ಮದುವೆಗೋ ಊರಿಗೆ ಹೋದಾಗ ರಾತ್ರಿ ದಮ್ಮು ಹೆಚ್ಚಿ ವಿಜಯಪುರದ ಆಸ್ಪತ್ರೆಯೊಂದಕ್ಕೆ ಸೇರಿಸಬೇಕಾದರೆ, ಅಲ್ಲಿನ ವೈದ್ಯರಿಗೆ ಯಾವ ಔಷಧಿ ನಡೆದಿದೆ, ಪುಣೆಯಲ್ಲಿ ಯಾರಿಗೆ ಫೋನ್ ಮಾಡಬೇಕು ಎಂದು ತಿಳಿಯುವುದು ಆ ಪ್ರತಿಯಿಂದಲೇ.