ಗಡಿಗೆ ಒಡೆಯಲಿಲ್ಲ, ಬಾಟಲಿ ಒಡೆಯಿತೇಕೆ?

ಹುನಗುಂದ ತಾಲ್ಲೂಕಿನ ರಾಮಥಾಳ ನಮ್ಮೂರು. ಹನಿ ನೀರಾವರಿ ಯೋಜನೆಯಿಂದಾಗಿ ಈಗ ಅದರ ಹೆಸರು ಹೊರಗಿನವರಿಗೂ ಪರಿಚಿತ. ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ಮೇ ತಿಂಗಳ ರಜೆಯಲ್ಲಿ ಊರಿಗೆ ಹೋಗಿದ್ದಾಗ ಶುಂಠಿ ಸೋಡಾ ಮಾಡುವ ಹುಮ್ಮಸ್ಸು ಬಂತು. ಒಂದು ಲೀಟರ್ ನೀರಿಗೆ 100 ಗ್ರಾಂ ಸಕ್ಕರೆ, ಜಜ್ಜಿದ ಶುಂಠಿ, ಲಿಂಬೆರಸ. ನೊರೆ ಬರಲೆಂದು ಬೇಕರಿಯವರು ಬಳಸುವ ಯೀಸ್ಟ್ ಒಂದು ಚಿಟಿಕೆ. ಹಳೆಯ ಷರಬತ್ತಿನ ಗಾಜಿನ ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು ಅಡುಗೆಮನೆಯ ಮೂಲೆಯಲ್ಲಿಟ್ಟೆ. ಮರುದಿನ ಮಧ್ಯಾಹ್ನ ಪಟಾಕಿ ಸಿಡಿದಂತೆ ಸದ್ದಾಯಿತು. ಗಾಜಿನ ಚೂರುಗಳು ಎದುರಿನ ಗೋಡೆಯವರೆಗೆ ಹಾರಿದ್ದವು. ಒಂದು ಚೂರು ಜೋಳದ ಚೀಲವನ್ನು ಸೀಳಿತ್ತು. ಅಣ್ಣನ ಮಗಳು ದಿನವೂ ಆ ಮೂಲೆಯಲ್ಲೇ ಕುಳಿತು ಆಡುತ್ತಿದ್ದಳು; ಆ ಹೊತ್ತಿಗೆ ಹೊರಗೆ ಹೋಗಿದ್ದುದು ನಮ್ಮ ಪುಣ್ಯ. ಅವ್ವ ಅಂದದ್ದು ಇಷ್ಟೇ: "ಅಂಬಲಿ ಗಡಿಗಿ ಬಾಯಿ ಯಾರಾರ ಬಿಗೀತಾರೇನೋ?"

ಭೌತವಿಜ್ಞಾನ ಕಲಿಸುವ ನಾನು ಮೊದಲೇ ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಅದು. ಮನೆಯಲ್ಲಿ ಬಿಯರ್ ತಯಾರಿಸುವವರು ಎದುರಿಸುವ ಪ್ರಶ್ನೆಯೂ ಇದೇ. ಬ್ರಿಟನ್, ಅಮೆರಿಕ ಮೊದಲಾದ ದೇಶಗಳಲ್ಲಿ ಸ್ವಂತ ಬಳಕೆಗೆ ಬಿಯರ್ ತಯಾರಿಸುವುದು ಕಾನೂನು ಒಪ್ಪಿದ ಹವ್ಯಾಸ. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದ್ದರಿಂದ ಇಲ್ಲಿ ಹೇಳುತ್ತಿರುವುದು ಬಿಯರ್ ಮಾಡುವ ವಿಧಾನವನ್ನಲ್ಲ, ಅದರ ಹಿಂದಿನ ವಿಜ್ಞಾನವನ್ನು. ಹುದುಗುವ ಯಾವುದೇ ಪಾನೀಯವನ್ನು ಬಾಟಲಿಯಲ್ಲಿ ಮುಚ್ಚಿಡುವವರಿಗೆ ಅದು ತಿಳಿದಿರಲೇಬೇಕು.

ಧಾನ್ಯದಿಂದ ನೊರೆಯವರೆಗೆ

ಬಿಯರಿನ ಮೂಲ ಸಾಮಗ್ರಿ ಬಾರ್ಲಿ. ಕಾಳನ್ನು ನೆನೆಸಿ ಮೊಳಕೆ ಬರಿಸಿ ಒಣಗಿಸಿದರೆ ಅದು ಮಾಲ್ಟ್. ಮೊಳೆಯುವಾಗ ಹುಟ್ಟಿದ ಕಿಣ್ವಗಳು ಬಿಸಿನೀರಿನಲ್ಲಿ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತವೆ. ಈ ಸಿಹಿ ರಸವನ್ನು ಹಾಪ್ಸ್ ಹೂಗಳೊಂದಿಗೆ ಕುದಿಸಿ, ತಣಿಸಿ, ಯೀಸ್ಟ್ ಸೇರಿಸುತ್ತಾರೆ. ಯೀಸ್ಟ್ ಸಕ್ಕರೆಯನ್ನು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಆಗಿ ಪರಿವರ್ತಿಸುತ್ತದೆ.

ನಮ್ಮ ಹೊಲದ ಜೋಳವೂ ಈ ಕೆಲಸಕ್ಕೆ ಒದಗುತ್ತದೆ. ಆಫ್ರಿಕದ ಹಲವು ದೇಶಗಳಲ್ಲಿ ಜೋಳದ ಬಿಯರ್ ಸಾಂಪ್ರದಾಯಿಕ ಪಾನೀಯ. ಅದನ್ನು ಹುದುಗುತ್ತಿರುವಾಗಲೇ ಮಾರುವುದರಿಂದ ಪೊಟ್ಟಣಗಳಲ್ಲಿ ಅನಿಲ ಹೊರಹೋಗಲು ಕಿಂಡಿ ಇಡುವ ರೂಢಿಯಿದೆ. ಅವ್ವನ ಅಂಬಲಿ ಗಡಿಗೆಯ ಸಡಿಲ ಮುಚ್ಚಳ ಮಾಡುವ ಕೆಲಸವೂ ಅದೇ. ಅಂಬಲಿಯನ್ನು ಹುಳಿಸುವವು ಮುಖ್ಯವಾಗಿ ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಗಳು. ಅವುಗಳಲ್ಲಿ ಕೆಲವು ಅನಿಲವನ್ನೂ ಬಿಡುತ್ತವೆ. ಆ ಅನಿಲಕ್ಕೆ ದಾರಿ ಇದ್ದರೆ ಒತ್ತಡ ಏರುವುದಿಲ್ಲ.

ಒಂದು ಗ್ರಾಂ ಸಕ್ಕರೆಯ ಲೆಕ್ಕ

ಸಕ್ಕರೆಯ ಅಣುತೂಕ 342. ಒಂದು ಅಣು ಸಕ್ಕರೆ ಪೂರ್ತಿ ಹುದುಗಿದರೆ ಕಾರ್ಬನ್ ಡೈಆಕ್ಸೈಡಿನ ನಾಲ್ಕು ಅಣುಗಳು ಬರುತ್ತವೆ. ಅವುಗಳ ತೂಕ 176. ಅಂದರೆ ಒಂದು ಗ್ರಾಂ ಸಕ್ಕರೆಯಿಂದ ಸುಮಾರು ಅರ್ಧ ಗ್ರಾಂ ಅನಿಲ. ನಾನು ಹಾಕಿದ 100 ಗ್ರಾಂ ಸಕ್ಕರೆ ಪೂರ್ತಿ ಹುದುಗಿದ್ದರೆ ಸುಮಾರು 51 ಗ್ರಾಂ, ಎಂದರೆ ಸಾಮಾನ್ಯ ಒತ್ತಡದಲ್ಲಿ 28 ಲೀಟರಿನಷ್ಟು ಅನಿಲ, ಒಂದು ಲೀಟರ್ ಬಾಟಲಿಯೊಳಗೆ ಸೇರಬೇಕಿತ್ತು!

ಈ ಅನಿಲದ ಬಹುಪಾಲು ನೀರಿನಲ್ಲಿ ಕರಗುತ್ತದೆ. ಎಷ್ಟು ಕರಗುತ್ತದೆ ಎಂಬುದನ್ನು 1803ರಲ್ಲಿ ವಿಲಿಯಂ ಹೆನ್ರಿ ನಿಯಮವಾಗಿ ಹೇಳಿದ: ಕರಗುವ ಪ್ರಮಾಣ ಆ ಅನಿಲದ ಒತ್ತಡಕ್ಕೆ ಅನುಪಾತದಲ್ಲಿರುತ್ತದೆ. ಆದರೆ ತಾಪ ಏರಿದಂತೆ ಕರಗುವಿಕೆ ಕುಗ್ಗುತ್ತದೆ. ಒಂದು ವಾಯುಭಾರದ ಒತ್ತಡದಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವ ಕಾರ್ಬನ್ ಡೈಆಕ್ಸೈಡ್ ಹೀಗಿದೆ:

0° ಸೆ. – 3.35 ಗ್ರಾಂ
10° ಸೆ. – 2.32 ಗ್ರಾಂ
25° ಸೆ. – 1.45 ಗ್ರಾಂ
40° ಸೆ. – 0.97 ಗ್ರಾಂ

ಈಗ ಬಿಯರಿನ ಬಾಟಲಿಯನ್ನು ಪರಿಶೀಲಿಸೋಣ. 25 ಡಿಗ್ರಿಯಲ್ಲಿ ಹುದುಗಿ ಮುಗಿದ ಬಿಯರಿನಲ್ಲಿ ಲೀಟರಿಗೆ 1.45 ಗ್ರಾಂ ಅನಿಲ ಉಳಿದಿರುತ್ತದೆ. ನೊರೆಗಾಗಿ ಲೀಟರಿಗೆ 7 ಗ್ರಾಂ ಸಕ್ಕರೆ ಬೆರೆಸಿ ಮುಚ್ಚಿದರೆ ಇನ್ನೂ 3.6 ಗ್ರಾಂ ಸೇರಿ ಒಟ್ಟು ಸುಮಾರು 5 ಗ್ರಾಂ ಆಗುತ್ತದೆ. ದ್ರವದ ಮೇಲಿನ ಖಾಲಿ ಜಾಗವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, 25 ಡಿಗ್ರಿಯಲ್ಲಿ ಒತ್ತಡ 5 ÷ 1.45, ಅಂದರೆ 3.4 ವಾಯುಭಾರ. ಅದೇ ಬಾಟಲಿ 40 ಡಿಗ್ರಿಗೆ ಕಾದರೆ 5 ÷ 0.97, ಅಂದರೆ 5 ವಾಯುಭಾರಕ್ಕೂ ಹೆಚ್ಚು. ಸಕ್ಕರೆ ಒಂದು ಹರಳೂ ಹೆಚ್ಚಾಗಿಲ್ಲ. ಬೇಸಿಗೆಯ ಬಿಸಿಯೊಂದೇ ಒತ್ತಡವನ್ನು ಒಂದೂವರೆ ಪಟ್ಟು ಮಾಡಿತು. ಹೊರಗಿನ ಗಾಳಿಯ ಒತ್ತಡವನ್ನು ಕಳೆದರೂ ಉಳಿಯುವುದು 41 ಮೀಟರ್ ಎತ್ತರದ ನೀರಿನ ತೊಟ್ಟಿಯ ಬುಡದಲ್ಲಿ ಇರುವಷ್ಟು ಒತ್ತಡ.

ನನ್ನ ಬಾಟಲಿಯಲ್ಲಿ ಐದನೆಯ ಒಂದು ಭಾಗ ಸಕ್ಕರೆ ಹುದುಗಿದ್ದರೂ ಅನಿಲ 10 ಗ್ರಾಂ ದಾಟುತ್ತದೆ. 40 ಡಿಗ್ರಿಯಲ್ಲಿ ಅದರ ಒತ್ತಡ 10 ವಾಯುಭಾರ. 26 ಮಿಲಿಮೀಟರ್ ವ್ಯಾಸದ ಒಂದು ಮುಚ್ಚಳದ ಮೇಲೆ ಇದು ಸುಮಾರು 55 ಕಿಲೋಗ್ರಾಂ ತೂಕದಷ್ಟು ಬಲ ಹಾಕುತ್ತದೆ.

ಗಾಜಿನ ದೌರ್ಬಲ್ಯ

ಮುಚ್ಚಳ ತಡೆದರೂ ಗಾಜು ತಡೆಯಬೇಕಲ್ಲ! ಸಿಲಿಂಡರಿನ ಆಕಾರದ ಪಾತ್ರೆಯ ಗೋಡೆಯಲ್ಲಿ ಉಂಟಾಗುವ ಎಳೆತವು ಒಳಗಿನ ಒತ್ತಡವನ್ನು 'ತ್ರಿಜ್ಯ ÷ ದಪ್ಪ'ದಿಂದ ಗುಣಿಸಿದಷ್ಟು. ತ್ರಿಜ್ಯ 30 ಮಿ.ಮೀ., ದಪ್ಪ 3 ಮಿ.ಮೀ. ಆದರೆ ಎಳೆತ ಒತ್ತಡದ ಹತ್ತು ಪಟ್ಟು. ಗಾಜು ಅದುಮುವಿಕೆಯನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ತಾಳದು. ಮೇಲ್ಮೈಯ ಸಣ್ಣ ಗೀರಿನ ತುದಿಯಲ್ಲಿ ಎಳೆತ ಕೇಂದ್ರೀಕರಿಸಿ ಬಿರುಕು ಓಡುತ್ತದೆ. ಪದೇ ಪದೇ ತೊಳೆದು ಬಳಸಿದ ಬಾಟಲಿಯಲ್ಲಿ ಇಂಥ ಗೀರುಗಳು ಸಹಜ. ಷರಬತ್ತಿನ ಬಾಟಲಿ, ಉಪ್ಪಿನಕಾಯಿ ಭರಣಿಗಳನ್ನು ಒತ್ತಡಕ್ಕೆಂದು ಮಾಡಿರುವುದೇ ಇಲ್ಲ. ಗೋಲಿ ಸೋಡಾದ ಬಾಟಲಿ ಅಷ್ಟು ದಪ್ಪ, ಭಾರ ಇರುವುದು ಇದೇ ಕಾರಣಕ್ಕೆ. 1872ರಲ್ಲಿ ಹೈರಂ ಕಾಡ್ ಪೇಟೆಂಟ್ ಪಡೆದ ಈ ವಿನ್ಯಾಸದಲ್ಲಿ ಒಳಗಿನ ಒತ್ತಡವೇ ಗೋಲಿಯನ್ನು ಬಾಯಿಗೆ ಒತ್ತಿ ಹಿಡಿಯುತ್ತದೆ.

ಕಲಿಯಬೇಕಾದ ಪಾಠಗಳು

ಅನುಭವಿ ತಯಾರಕರು ಪಾಲಿಸುವ ನಿಯಮಗಳಿಗೆಲ್ಲ ಮೇಲಿನ ಲೆಕ್ಕವೇ ಆಧಾರ.

1. ಹುದುಗುವುದು ಮುಗಿಯುವ ಮೊದಲು ಮುಚ್ಚಬಾರದು. ಮುಗಿದಿದೆ ಎಂದು ಕಣ್ಣಳತೆಯಿಂದ ಹೇಳಲಾಗದು; ಗುಳ್ಳೆ ನಿಂತರೆ ಸಾಲದು. ಹೈಡ್ರೋಮೀಟರ್ ಬೇಕು. ಇದು ಡೈರಿಯಲ್ಲಿ ಹಾಲು ಪರೀಕ್ಷಿಸುವ ಲ್ಯಾಕ್ಟೋಮೀಟರಿನ ಸೋದರ. ಸಕ್ಕರೆ ಹುದುಗಿದಂತೆಲ್ಲ ಸಾಪೇಕ್ಷ ಸಾಂದ್ರತೆ, ಉದಾಹರಣೆಗೆ, 1.040ರಿಂದ 1.010ಕ್ಕೆ ಇಳಿಯುತ್ತದೆ. ಸತತ ಮೂರು ದಿನ ಅಂಕಿ ಬದಲಾಗದಿದ್ದರೆ ಹುದುಗುವಿಕೆ ನಿಂತಿದೆ ಎನ್ನಬಹುದು.

2. ನೊರೆಗೆ ಹಾಕುವ ಸಕ್ಕರೆಯನ್ನು ತಕ್ಕಡಿಯಲ್ಲಿ ತೂಗಬೇಕು. ಚಮಚದ ಅಳತೆ ನಂಬಲರ್ಹವಲ್ಲ.

3. ತಾಪವನ್ನು ಹಿಡಿತದಲ್ಲಿಡಬೇಕು. ಹುದುಗುವಿಕೆಯೇ ಶಾಖ ಕೊಡುತ್ತದೆ. ಲೀಟರಿಗೆ 100 ಗ್ರಾಂ ಸಕ್ಕರೆ ಹುದುಗಿದಾಗ ಬಿಡುಗಡೆಯಾಗುವ ಶಾಖ ಹೊರಹೋಗದಿದ್ದರೆ ದ್ರವದ ತಾಪ ಸುಮಾರು 13 ಡಿಗ್ರಿ ಏರಬಲ್ಲುದು. ಒದ್ದೆ ಗೋಣಿ ಸುತ್ತಿದ ಗಡಿಗೆ ನಮ್ಮ ಸೀಮೆಯ ಒಣಹವೆಯಲ್ಲಿ ಒಳ್ಳೆಯ ಶೀತಕ.

4. ಶುಚಿತ್ವ ರುಚಿಗಷ್ಟೇ ಅಲ್ಲ, ಸುರಕ್ಷತೆಗೂ ಬೇಕು. ಯೀಸ್ಟ್ ಬಿಟ್ಟ ಶರ್ಕರಗಳನ್ನು ಒಳನುಸುಳಿದ ಬೇರೆ ಜೀವಾಣುಗಳು ಒಡೆದು ಮತ್ತೆ ಅನಿಲ ಬಿಡಬಲ್ಲವು.

ತರಗತಿಯಲ್ಲಿ ಒಂದು ಪ್ರಯೋಗ

ಅರ್ಧ ಲೀಟರಿನ ಎರಡು ಪ್ಲಾಸ್ಟಿಕ್ ಬಾಟಲಿಗಳನ್ನು ತೆಗೆದುಕೊಳ್ಳಿ. ಒಂದೊಂದರಲ್ಲೂ 200 ಮಿ.ಲೀ. ಉಗುರುಬೆಚ್ಚಗಿನ ನೀರು, 4 ಗ್ರಾಂ ಸಕ್ಕರೆ, ಅರ್ಧ ಚಮಚ ಒಣ ಯೀಸ್ಟ್ ಬೆರೆಸಿ. ಮುಚ್ಚಳ ಬಿಗಿಯದೆ, ಬಾಯಿಗೆ ಬಲೂನು ಸಿಕ್ಕಿಸಿ. ಒಂದನ್ನು ತಂಪಾದ ನೀರಿನ ಬೋಗುಣಿಯಲ್ಲೂ ಇನ್ನೊಂದನ್ನು 35 ಡಿಗ್ರಿಯ ನೀರಿನಲ್ಲೂ ಇಡಿ. ಹತ್ತು ನಿಮಿಷಕ್ಕೊಮ್ಮೆ ಬಲೂನಿನ ಸುತ್ತಳತೆಯನ್ನು ದಾರದಿಂದ ಅಳೆದು ನಕ್ಷೆ ಬರೆಯಿರಿ. ಸಕ್ಕರೆ ಪೂರ್ತಿ ಹುದುಗಿದರೆ ಸುಮಾರು 2 ಗ್ರಾಂ, ಅಂದರೆ ಒಂದು ಲೀಟರಿಗೂ ಸ್ವಲ್ಪ ಹೆಚ್ಚು ಅನಿಲ ಬರಬೇಕು. ಬಲೂನಿನಲ್ಲಿ ಸಿಕ್ಕಿದ್ದು ಅದಕ್ಕಿಂತ ಕಡಿಮೆ ಇದ್ದರೆ ಉಳಿದದ್ದು ಎಲ್ಲಿ ಹೋಯಿತು ಎಂದು ವಿದ್ಯಾರ್ಥಿಗಳನ್ನು ಕೇಳಿ. ಹೆನ್ರಿಯ ನಿಯಮ ಅವರಿಗೆ ತಾನಾಗಿ ಹೊಳೆಯಬಹುದು. ಮುಗಿದ ಮೇಲೆ ದ್ರಾವಣವನ್ನು ಚೆಲ್ಲಿಬಿಡಿ. ಗಾಜಿನ ಬಾಟಲಿಯಲ್ಲಿ ಮಾತ್ರ ಇದನ್ನು ಎಂದೂ ಮಾಡಬೇಡಿ.

ರಾಮಥಾಳದ ಮನೆಯಲ್ಲಿ ಆ ಬೇಸಿಗೆಯ ನಂತರ ಶುಂಠಿ ಪಾನಕವನ್ನು ಅಂದಂದೇ ಮಾಡಿ ಅಂದಂದೇ ಕುಡಿಯುತ್ತೇವೆ. ಹುಳಿಯಬೇಕಾದದ್ದು ಗಡಿಗೆಯಲ್ಲಿರುತ್ತದೆ. ಅದರ ಬಾಯಿಗೆ ಅರಿವೆ ಕಟ್ಟಿರುತ್ತದೆ, ಅಷ್ಟೆ.