12 ವೋಲ್ಟ್ ಇದೆ, ಸೆಲ್ಫ್ ತಿರುಗುತ್ತಿಲ್ಲ

ಕನಕಪುರ, ಮಾಗಡಿ ಕಡೆಯ ರೈತರಿಗೆ ಕೂತಲ್ಲಿಂದ ಮೋಟಾರು ಹಾಕುವುದು ಹೊಸದಲ್ಲ. ತ್ರೀ ಫೇಸ್ ಕರೆಂಟು ಬರುವುದು ಹೊತ್ತಲ್ಲದ ಹೊತ್ತಿನಲ್ಲಿ. ತೋಟದ ದಾರಿಯಲ್ಲಿ ಆನೆಯೋ ಚಿರತೆಯೋ ಅಡ್ಡ ಬಂದರೆ ಗತಿಯೇನು? ಅದಕ್ಕೇ ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿ, ಮಲಗಿದಲ್ಲಿಂದಲೇ ಫೋನ್ ಒತ್ತುತ್ತಾರೆ. ಚನ್ನಪಟ್ಟಣದ ನಮ್ಮ ಭಾವನಿಗೂ ಇದರ ರುಚಿ ಹತ್ತಿ, ತಮ್ಮ ಹಳೆಯ ಕಾರಿಗೆ ರಿಮೋಟ್ ಸ್ಟಾರ್ಟರ್ ಹಾಕಿಸಿದರು. ಬಿಸಿಲಲ್ಲಿ ನಿಂತ ಕಾರು ತಾವು ಹತ್ತುವಷ್ಟರಲ್ಲಿ ತಣ್ಣಗಾಗಿರಬೇಕು ಅನ್ನುವುದು ಅವರ ಆಸೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅದು ಕೈಕೊಟ್ಟಿತು.

ರಿಮೋಟ್ ಒತ್ತಿದರೆ ಇಂಡಿಕೇಟರ್ ಮಿನುಗುತ್ತದೆ, ಡ್ಯಾಶ್‌ಬೋರ್ಡಿನ ಅಡಿಯಲ್ಲಿ ‘ಟಕ್’ ಅನ್ನುತ್ತದೆ, ಸೆಲ್ಫ್ ಮಾತ್ರ ತಿರುಗುವುದಿಲ್ಲ. ಮೂರು ಸಲ ಟಕ್ ಅಂದು ಸುಮ್ಮನಾಗುತ್ತದೆ. ಕೀಲಿ ಹಾಕಿ ತಿರುಗಿಸಿದರೆ ಮೊದಲನೇ ಸಲಕ್ಕೇ ಸ್ಟಾರ್ಟ್!

ಇಷ್ಟು ಕೇಳಿದರೇ ಅರ್ಧ ಹುಡುಕಾಟ ಮುಗಿದಂತೆ. ಕೀಲಿಗೆ ಓಗೊಡುವ ಕಾರಿನ ಬ್ಯಾಟರಿಯೂ ಸೆಲ್ಫ್ ಮೋಟಾರೂ ನೆಟ್ಟಗಿವೆ. ಇಂಡಿಕೇಟರ್ ಮಿನುಗಿತೆಂದರೆ ರಿಮೋಟಿನ ಸಂಕೇತ ತಲುಪಿದೆ. ‘ಟಕ್’ ಅಂದದ್ದು ರಿಲೇ. ಅದರೊಳಗಿನ ಪುಟ್ಟ ಸುರುಳಿಗೆ ಕರೆಂಟು ಹರಿದಾಗ ಅದು ಅಯಸ್ಕಾಂತವಾಗಿ ಒಂದು ಲೋಹದ ನಾಲಗೆಯನ್ನು ಎಳೆದುಕೊಳ್ಳುತ್ತದೆ. ಆ ನಾಲಗೆ ಸೆಲ್ಫಿನ ದಾರಿ ತೆರೆಯುತ್ತದೆ. ಪಂಪ್‌ಸೆಟ್ಟಿನ ಮೊಬೈಲ್ ಸ್ಟಾರ್ಟರಿನಲ್ಲೂ ಕೆಲಸ ಮಾಡುವುದು ಇದೇ ಉಪಾಯ. ಅಂದಮೇಲೆ ದೋಷವಿರುವುದು ಬಹುಶಃ ರಿಲೇ ದಾಟಿದ ಮೇಲೆ, ಕಾರಿನ ಮೂಲ ವೈರಿಗೆ ಹೊಸ ವೈರು ಕೂಡುವುದರೊಳಗೆ. (ಸೆಲ್ಫ್ ತಿರುಗಿ, ಎಂಜಿನ್ ಹತ್ತಿ, ಎರಡೇ ಸೆಕೆಂಡಿನಲ್ಲಿ ಆರಿಹೋಗಿದ್ದರೆ ಅದು ಬೇರೆ ಕತೆ. ಹೊಸ ಕಾರುಗಳ ಕೀಲಿಯಲ್ಲಿ ಒಂದು ಚಿಪ್ ಇರುತ್ತದೆ, ಅದು ಹತ್ತಿರ ಇಲ್ಲದಿದ್ದರೆ ಕಾರು ಎಂಜಿನ್ ಓಡಲು ಬಿಡುವುದಿಲ್ಲ. ಅದಕ್ಕೆಂದು ಇನ್ನೊಂದು ಕೀಲಿಯನ್ನು ಡ್ಯಾಶ್‌ಬೋರ್ಡಿನೊಳಗೆ ಬಚ್ಚಿಡುವವರಿದ್ದಾರೆ. ಕಳ್ಳನಿಗೆ ಇನ್ನೇನು ಬೇಕು?)

ಭಾವ ತಾವೇ ಮಲ್ಟಿಮೀಟರ್ ಹಿಡಿದು ಕೂತಿದ್ದರು. ಸೆಲ್ಫಿಗೆ ಹೋಗುವ ವೈರಿನ ತುದಿಯನ್ನು ಬಿಡಿಸಿ, ರಿಮೋಟ್ ಒತ್ತಿ ನೋಡಿದರೆ 12 ವೋಲ್ಟಿಗೂ ಒಂದಿಷ್ಟು ಹೆಚ್ಚೇ. “ಕರೆಂಟ್ ಬರ್ತಾ ಇದೆಯಲ್ಲಪ್ಪ!” ಎಂದು ನನಗೆ ಫೋನ್ ಮಾಡಿದರು.

ಬರುತ್ತಿರಲಿಲ್ಲ. ಅನೇಕರು ಎಡವುವುದು ಇಲ್ಲೇ. ಹಿಪ್ಪುನೇರಳೆ ತೋಟದ ಪೈಪನ್ನು ನೆನೆಸಿಕೊಳ್ಳಿ. ನಡುವೆ ಎಲ್ಲೋ ಮಣ್ಣು ಕಟ್ಟಿದೆ, ಸೂಜಿಯಷ್ಟು ತೂತು ಮಾತ್ರ ಉಳಿದಿದೆ. ತುದಿಯ ನಲ್ಲಿ ಮುಚ್ಚಿರುವಾಗ ಅಲ್ಲಿ ಒತ್ತಡ ಅಳೆದರೆ ಪೂರಾ ತೋರಿಸುತ್ತದೆ. ನಲ್ಲಿ ತೆರೆದರೆ ತೊಟ್ಟಿಕ್ಕುತ್ತದೆ. ಡಿಜಿಟಲ್ ಮೀಟರ್ ಆ ಮುಚ್ಚಿದ ನಲ್ಲಿಯ ಹಾಗೆ. ಅದರ ಒಳಗಿನ ರೋಧ ಸಾಮಾನ್ಯವಾಗಿ 1 ಕೋಟಿ ಓಮ್. ಅದು ಎಳೆಯುವ ಕರೆಂಟು ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಅಷ್ಟಕ್ಕೆ ಎಂಥ ಹಾಳು ಜಾಯಿಂಟೂ ಸಾಲುತ್ತದೆ. ಹಳೆಯ ಕಾರುಗಳಲ್ಲಿ ಆ ವೈರು ನೇರವಾಗಿ ಸೆಲ್ಫಿನ ಸೊಲೆನಾಯ್ಡ್‌ಗೆ ಹೋಗುತ್ತದೆ, ಅದು ಕೇಳುವುದು ಹತ್ತಾರು ಆಂಪಿಯರ್. ದಾರಿಯಲ್ಲಿ ಒಂದೇ ಒಂದು ಓಮ್ ಅಡ್ಡಿಯಿದ್ದರೂ ಓಮ್‌ನ ನಿಯಮದಂತೆ 12 ವೋಲ್ಟಿನ ಬ್ಯಾಟರಿಯಿಂದ 12 ಆಂಪಿಯರ್ ಮೀರಿ ಹರಿಯಲಾರದು.

ಮರುದಿನ ಬಂದ ರಾಮನಗರದ ಆಟೋ ಎಲೆಕ್ಟ್ರಿಷಿಯನ್ ಮೀಟರ್ ಮುಟ್ಟಲೇ ಇಲ್ಲ. ಜೋಳಿಗೆಯಿಂದ ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ತೆಗೆದು ಅದೇ ವೈರಿಗೆ ಸಿಕ್ಕಿಸಿದ. 60 ವ್ಯಾಟಿನ ಆ ಬಲ್ಬು ಸುಮಾರು 5 ಆಂಪಿಯರ್ ಕುಡಿಯುತ್ತದೆ. ಬೆಳ್ಳಗೆ ಉರಿಯಬೇಕಾದದ್ದು ಕೆಂಪಗೆ ಮಿಣುಕಿತು. ನಲ್ಲಿ ತೆರೆದಂತಾಯಿತು! ಏರ್‌ಬ್ಯಾಗಿನ ಹಳದಿ ಕವಚದ ವೈರುಗಳ ಮೇಲಾಗಲಿ, ಕಂಪ್ಯೂಟರ್ ಪೆಟ್ಟಿಗೆಯ ವೈರುಗಳ ಮೇಲಾಗಲಿ ಈ ಬಲ್ಬಿನ ಆಟ ಕೂಡದು. ಮೊದಲನೆಯದು ಮುಖದ ಮೇಲೆ ಸಿಡಿದೀತು, ಎರಡನೆಯದು ಸುಟ್ಟೀತು.

ಕಪ್ಪು ಟೇಪು ಬಿಚ್ಚಿದಾಗ ಸಿಕ್ಕಿದ್ದು ಬರೀ ಕೈಯಲ್ಲಿ ಹೊಸೆದ ಜಾಯಿಂಟು. ಬಿಡದಿಯಲ್ಲಿ 1999ರಿಂದ ಕಾರು ತಯಾರಿಸುತ್ತಿರುವ ಟೊಯೋಟಾದಂಥ ಕಾರ್ಖಾನೆಗಳಲ್ಲಿ ವೈರಿನ ತುದಿಗೆ ಲೋಹದ ಟರ್ಮಿನಲ್ ಒತ್ತಿ ಕೂರಿಸುತ್ತಾರೆ. ಆಮೇಲೆ ಸೇರಿಸುವ ಸಾಮಾನಿಗೆ ಆ ಭಾಗ್ಯವಿಲ್ಲ. ತಾಮ್ರ ಹಸಿರುಗಟ್ಟಿತ್ತು, ಹತ್ತಾರು ಎಳೆಗಳಲ್ಲಿ ಎರಡೋ ಮೂರೋ ಉಳಿದಿದ್ದವು. ರಾಮನಗರದ ರೇಷ್ಮೆ ಬಿಚ್ಚಾಣಿಕೆಯಲ್ಲಿ ಹಲವು ಗೂಡಿನ ಎಳೆ ಸೇರಿ ಒಂದು ನೂಲಾಗುವಾಗ, ಒಂದು ಕಡಿದರೂ ಬಿಚ್ಚುವವರ ಕಣ್ಣಿಗೆ ಬೀಳುತ್ತದೆ. ಪ್ಲಾಸ್ಟಿಕ್ ಹೊದ್ದ ವೈರಿನಲ್ಲಿ ಯಾರು ಕಂಡಾರು?

ಮೀಟರಿಗೂ ಇಲ್ಲಿ ಕೆಲಸವಿತ್ತು, ಹಿಡಿಯುವ ರೀತಿ ಬೇರೆ. ಒಂದು ಕಡ್ಡಿ ಜಾಯಿಂಟಿನ ಆಚೆ, ಇನ್ನೊಂದು ಈಚೆ ಇಟ್ಟು ರಿಮೋಟ್ ಒತ್ತಬೇಕು. ಜಾಯಿಂಟು ಚೆನ್ನಾಗಿದ್ದರೆ ಸೊನ್ನೆಯ ಹತ್ತಿರ, ಹೆಚ್ಚೆಂದರೆ 0.2 ವೋಲ್ಟ್. ಭಾವ ಹೀಗೆ ಅಳೆದಿದ್ದರೆ ಸೆಲ್ಫಿಗೆ ಹೋಗಬೇಕಾದ ವೋಲ್ಟೇಜಿನ ಬಹುಪಾಲು ಆ ಟೇಪಿನೊಳಗೇ ಖರ್ಚಾಗುತ್ತಿರುವುದು ಕಾಣುತ್ತಿತ್ತು. ಪೇಂಟಿನ ಮೇಲೆ ಸ್ಕ್ರೂ ಬಿಗಿದ ಬಾಡಿ ಅರ್ತ್ ಕೂಡ ಇದೇ ಜಾತಿಯ ಕಳ್ಳ. ಅದನ್ನೂ ಹಿಡಿಯುವುದು ಹೀಗೇ.

ಬೆಸುಗೆ ಹಾಕಿದ ಮೇಲೆ ರಿಮೋಟಿಗೆ ಸೆಲ್ಫ್ ತಿರುಗಿತು. ಆದರೆ ಎಲೆಕ್ಟ್ರಿಷಿಯನ್ ಹುಡುಗನ ಮುಖ ಅರಳಲಿಲ್ಲ. ಕ್ಲಚ್ ಪೆಡಲಿನ ಮೇಲಿನ ಸ್ವಿಚ್ಚಿನ ಎರಡೂ ವೈರನ್ನು ಯಾರೋ ಒಟ್ಟಿಗೆ ಹೊಸೆದಿದ್ದರು. ಕ್ಲಚ್ ಒತ್ತದೆ ಸ್ಟಾರ್ಟ್ ಆಗಬಾರದೆಂದು ಇಟ್ಟ ಕಾವಲು ಅದು.

“ಅಣ್ಣ, ಗಾಡಿ ನಿಲ್ಲಿಸೋವಾಗ ಗೇರಲ್ಲಿ ಹಾಕ್ತೀರಾ?” ಎಂದು ಕೇಳಿದ.

“ಮನೆ ಮುಂದೆ ಇಳಿಜಾರು ಕಣಯ್ಯ, ಗೇರಲ್ಲಿ ಹಾಕ್ದೆ ಇನ್ನೇನು?” ಅಂದರು ಭಾವ.

ಹುಡುಗ ಬಗ್ಗಿ ರಿಮೋಟ್ ಸ್ಟಾರ್ಟರಿನ ಫ್ಯೂಸ್ ಕಿತ್ತು, ಭಾವನ ಅಂಗೈ ಮೇಲಿಟ್ಟ.